ಇಪ್ಪತ್ತೇಳರ ಗೆರೆ

ಫುಆಮೊಟುವಿನ ಮೂರನೆಯ ಕೌಂಟರಿನಲ್ಲಿ
ತಕ್ಕಡಿ ಕೆಂಪಕ್ಷರದಲ್ಲಿ ಹೇಳಿತು: ನಲವತ್ತೊಂದು.
ನೀಲಿ ಟಾರ್ಪಾಲಿನ ಗಂಟು, ಬಲೆಯ ಹಗ್ಗದಲ್ಲಿ ಬಿಗಿದದ್ದು.
ಗಂಟಿನ ಒಡತಿ ಲೆಸಿಯೆಲಿ. ಕಪ್ಪು ಅಂಗಿ,
ಸೊಂಟದಿಂದ ಮೊಣಕಾಲಿನ ಕೆಳಗಿನವರೆಗೆ ಸಾವಿನ ಚಾಪೆ.
ಚಾಪೆಗೆ ತೂಕವಿಲ್ಲ.
ಮೈಮೇಲಿರುವುದು ಸಾಮಾನಲ್ಲ
ಎನ್ನುತ್ತದೆ ಕಂಪನಿ.

ಗಂಟಿನೊಳಗೆ ಙಾತು.
ತೊಗಟೆ ನೆನೆಸಿ, ಕೊಡತಿಯಲ್ಲಿ ಬಡಿದು,
ಗಂಜಿಯ ಅಂಟು ಹಚ್ಚಿ ಉದ್ದ ಮಾಡಿದ ಬಟ್ಟೆ.
ನೂಲಿಲ್ಲ, ಮಗ್ಗವಿಲ್ಲ.
ಒಂದನೇ ಕ್ಲಾಸಿನಿಂದ ನನ್ನ ಜೊತೆ
ಸುಮ್ಮನೆ ಕೂತು ಬಂದ ಙ,
ಕಖಗಘದ ಬಾಲಕ್ಕೆ ಜೋತುಬಿದ್ದು
ಒಂದು ಮಾತಿಗೂ ಮುಂದಾಗದ ಙ,
ಇಲ್ಲಿ ನೋಡಿ,
ಬಟ್ಟೆಯೊಂದರ ಹೆಸರಿಗೆ ಬಾಗಿಲು ತೆರೆದು ನಿಂತಿದೆ.

ವೈಮೊವಾನ ನಿಯಮ ಹೇಳಿದಳು,
ದಿನಕ್ಕೆ ಇನ್ನೂರು ಸಲ ಹೇಳುವವಳ ಮೆತ್ತನೆಯ ದನಿಯಲ್ಲಿ.
ತಲೆಗೆ ಇಪ್ಪತ್ತಮೂರು.
ಒಂದೇ ಗಂಟು ಮೂವತ್ತೆರಡು ದಾಟಕೂಡದು,
ದುಡ್ಡು ಕೊಟ್ಟರೂ ಇಲ್ಲ; ಕೆಳಗೆ ಎತ್ತುವವನಿಗೂ ಬೆನ್ನಿದೆ.
ಜೊತೆಯಲ್ಲಿ ಹೋಗುವವರು ತೂಕ ಹಂಚಿಕೊಳ್ಳಬಹುದು.
"ಜೊತೆಗೆ ಯಾರಾದರೂ?"
"ಇಲ್ಲ."

ಅವಳ ಹಿಂದೆ, ನನ್ನ ಮುಂದೆ,
ಅದೇ ಕಪ್ಪು, ಅಷ್ಟೇ ಉದ್ದದ ಚಾಪೆ, ಅದೇ ಕಿವಿ.
ಕೈಯಲ್ಲಿ ಒಂದು ಪುಟ್ಟ ಚೀಲ.
ಪಕ್ಕದ ಸಾಲಿನ ಮುದುಕರು ಹುಬ್ಬಿನಲ್ಲಿ ಅರ್ಧ,
ಬಾಯಲ್ಲಿ ಅರ್ಧ ತಿಳಿಸಿದರು:
ಅಕ್ಕತಂಗಿ. ತಾಯಿ ಮೊನ್ನೆ ಆಕ್ಲೆಂಡಿನಲ್ಲಿ.
ಮಾತು ಬಿಟ್ಟು ಒಂಬತ್ತು ವರ್ಷ.
ಯಾವುದೋ ಹೊಲಿಗೆಯಂತ್ರದ ವಿಷಯ.

ಕಂಪ್ಯೂಟರಿಗೆ ಜೊತೆ ಎಂದರೆ ಆರು ಅಕ್ಷರ.
ಆ ಆರರ ಕೆಳಗೆ ಹೆಸರು ಬರೆಸಿದ
ರಗ್ಬಿ ತಂಡದ ಹದಿನೆಂಟು ಹುಡುಗರು ಒಂದು ಮನೆ.
ಒಂದೇ ಹೊಟ್ಟೆಯಿಂದ ಬಂದವರು
ಬೇರೆ ಬೇರೆ ಅಂಗಡಿಯಲ್ಲಿ ಟಿಕೆಟು ಕೊಂಡರೆ
ಬೇರೆ. ಹದಿನಾಲ್ಕು ಎ. ಮೂವತ್ತೊಂದು ಸಿ.

ಹಗ್ಗ ಬಿಚ್ಚಿದರು. ಸಾಲು ಹಿಂದೆ ಸರಿಯಿತು.
ಕಂದು ಬಟ್ಟೆ ನೆಲದ ಮೇಲೆ ಮಡಿಕೆ ಮಡಿಕೆಯಾಗಿ ಕಳಚಿಕೊಂಡಿತು,
ಹೊಗೆಯ ವಾಸನೆ, ಒದ್ದೆ ಮರದ ವಾಸನೆ.
ಅಂಚಿನಲ್ಲಿ ಪಟ್ಟಿ ಪಟ್ಟಿಗೂ ತಾಯಿ ಬರೆದ ಅಂಕಿ,
ಒಂದರಿಂದ ಐವತ್ತು;
ನಾಲ್ಕು ಮಾತ್ರ ಪ್ರತಿಸಲವೂ ತಿರುವುಮುರುವು.
ವೈಮೊವಾನ ಡ್ರಾಯರಿನಿಂದ ಕತ್ತರಿ ತೆಗೆದು
ಮೇಜಿನ ಮೇಲಿಟ್ಟಳು. ಯಾರಿಗೆಂದು ಹೇಳಲಿಲ್ಲ.
ಲೆಸಿಯೆಲಿ ಇಪ್ಪತ್ತೈದರ ಮೇಲೆ ಬೆರಳಿಟ್ಟಳು.
ನ್ಯಾಯವಾದ ಅರ್ಧ.

"ಇಪ್ಪತ್ತೇಳು."
ತಂಗಿ. ಬಟ್ಟೆಗೆ ಹೇಳಿದ ಹಾಗೆ.
"ಅಲ್ಲಿ ಅಂಟು ಸಡಿಲ. ನಾನು ಹಚ್ಚಿದ್ದು.
ಬೈಸಿಕೊಂಡಿದ್ದೆ."

ಇಪ್ಪತ್ತೇಳರ ಗೆರೆ ಕತ್ತರಿಗೆ ಕಾಯಲಿಲ್ಲ,
ಎಳೆದದ್ದೇ ತಡ, ಬಿಟ್ಟುಕೊಂಡಿತು.
ಇಪ್ಪತ್ತೆರಡು ಕಿಲೋ ಒಂದು ಕಡೆ. ಹತ್ತೊಂಬತ್ತು ಇನ್ನೊಂದು ಕಡೆ.

ಚಿಕ್ಕ ಗಂಟು ಕಲೋಲೈನೆಯ ಹೆಸರಿಗೆ. ಅದಕ್ಕೂ ಒಂದು ಪ್ರಶ್ನೆ ಇದೆ,
ಕೇಳದೆ ಬಿಡುವಂತಿಲ್ಲ:
ಇದನ್ನು ನೀವೇ ಕಟ್ಟಿದ್ದಾ?
ಒಳಗಿರುವುದು ಏನೆಂದು ಗೊತ್ತಾ?
ಕಲೋಲೈನೆ ಮೊದಲನೆಯದಕ್ಕೆ ಉತ್ತರ ಕೊಡಲಿಲ್ಲ.
ಎರಡನೆಯದಕ್ಕೆ
ಮಣಿಕಟ್ಟು ಎತ್ತಿ ಗಾಳಿಯಲ್ಲಿ ಎರಡು ಸಲ ಬಡಿದಳು,
ಕೊಡತಿ ಇಲ್ಲದ ಕೊಡತಿ.
ಅಕ್ಕನ ಗಲ್ಲ ನಡುಗಿತು. ನಕ್ಕಳೋ ಅತ್ತಳೋ
ನಾನಿದ್ದ ಕಡೆಯಿಂದ ಕಾಣಲಿಲ್ಲ.

ಅಷ್ಟೇ. ಅಪ್ಪಿಕೊಳ್ಳಲಿಲ್ಲ.
ಸೀಟು ಬದಲಿಸಿ ಎಂದು ಯಾರೂ ಕೇಳಲಿಲ್ಲ.
ಆದರೂ ಆಕ್ಲೆಂಡಿನ ಬೆಲ್ಟಿನ ಮುಂದೆ
ಇಬ್ಬರೂ ನಿಲ್ಲಲೇಬೇಕು,
ಒಬ್ಬಳ ಗಂಟು ಮೊದಲು ಬಂದರೆ
ಇನ್ನೊಬ್ಬಳದು ಬರುವವರೆಗೆ.

"ಮುಂದಿನವರು. ಒಬ್ಬರೇನಾ?"
ನನಗೆ ಬರುವ ಅರೆಬರೆ ಟೋಂಗನ್ನಿನಲ್ಲಿ ಹೌದೆಂದೆ.
ಒಂಬತ್ತು ಕಿಲೋ, ಇನ್ನೂರು ಗ್ರಾಂ.
ಉಳಿದ ಹದಿಮೂರು ಚಿಲ್ಲರೆ ಏನಾಗುತ್ತದೆ
ಎಂದು ಕೇಳಬೇಕೆನಿಸಿತು.
ಅವಳಾಗಲೇ ಪಟ್ಟಿ ಅಂಟಿಸಿ ಚೀಲವನ್ನು ಒಳಗೆ ತಳ್ಳಿದ್ದಳು.
ಮೇಜಿನ ಮೇಲೆ ಕತ್ತರಿ
ಬಾಯಿ ತೆರೆದೇ ಇತ್ತು.