ಒಳಗೆ ಬಿಟ್ಟ ಬಟ್ಟೆ

ಅಳತೆ ಪುಸ್ತಕದ ಮುಂದಿನ ಹಾಳೆಗಳಲ್ಲಿ
ಮಂಡಿಪೇಟೆಯ ಅರ್ಧ ಹೆಂಗಸರಿದ್ದಾರೆ,
ಎದೆ, ಸೊಂಟ, ತೋಳು, ಬೆನ್ನಿನ ಇಳಿತ,
ಒಬ್ಬೊಬ್ಬರೂ ನಾಲ್ಕು ಅಂಕಿಯಲ್ಲಿ.
ಹಿಂದಿನಿಂದ ತಿರುವಿದರೆ ನಾನು,
ತಲೆಕೆಳಗಾಗಿ.

ಇವತ್ತು ಡಿಸೆಂಬರ್ ಮೂವತ್ತೊಂದು. ಕರೆಂಟು ಹೋಗಿದೆ.
ಓಣಿಯ ಮೋಟಾರು ಮಷೀನುಗಳೆಲ್ಲ
ಒಂದೇ ಸಲ ಉಸಿರು ಹಿಡಿದಿವೆ.
ಅವ್ವನ ಕಾಲುಮಷೀನಿಗೆ ಮಾತ್ರ ಯಾರ ಹಂಗೂ ಇಲ್ಲ.
ಶಬೀನಾ ಮೊಬೈಲ್ ಬೆಳಕನ್ನು ಡಬ್ಬಿಗೆ ಒರಗಿಸಿ
ಹುಕ್ಕು ಹಚ್ಚುತ್ತಾಳೆ.
"ಹೋದ ವರ್ಷ ಏನ್ ಬರ್ದಿದ್ರಿ ಅಕ್ಕಾ, ಓದ್ರಿ."

ಓದಿದೆ:
ಹೇಳಿದ ದಿನಕ್ಕೇ ಬಟ್ಟೆ ಕೊಡುವುದು.
ಅವಳು ನಕ್ಕ ರಭಸಕ್ಕೆ ಬೆರಳಿಗೆ ಸೂಜಿ.
ದಿನಾ ಐದಕ್ಕೆ ಎದ್ದು ಕುಂದವಾಡ ಕೆರೆ ಒಂದು ಸುತ್ತು.
ಹೋಗಿದ್ದೆ, ಸುಳ್ಳಲ್ಲ, ಹನ್ನೊಂದು ದಿನ.
ಹನ್ನೆರಡನೆಯ ದಿನ ವಾಪಸು ಬರುವಾಗ
ಕಾವಲಿಯ ಮೇಲೆ ಬೆಣ್ಣೆ ಚುಂಯ್ ಅಂತು,
ಒಳಗೆ ಹೋಗಿ ಕೂತೆ.
ಹದಿಮೂರನೆಯ ದಿನ ಕೆರೆ ಬಿಟ್ಟು ನೇರ ಅಲ್ಲಿಗೇ.
ಟೀ ಬಿಡುವುದು. ಬಿಟ್ಟಿದ್ದೆ, ಸಂಕ್ರಾಂತಿವರೆಗೆ.

ಅದರ ಕೆಳಗಿನದು ಜೋರಾಗಿ ಓದಲಿಲ್ಲ.
ಆರು ವರ್ಷದಿಂದ ಅದೇ ಸಾಲು,
ಒಂದು ವರ್ಷ ಹಸಿರು ಇಂಕು, ಒಂದು ವರ್ಷ ಗುರುತಿನ ಪೆನ್ಸಿಲ್ಲು:
ನೀಲಾಳ ಹತ್ತಿರ ಮಾತಾಡುವುದು.
ದೂರವೇನಲ್ಲ ತಂಗಿ, ರೈಲ್ವೆ ಗೇಟಿನಾಚೆ.
ಒಮ್ಮೆ ಹೊರಟಿದ್ದೆ. ಗೂಡ್ಸ್ ಗಾಡಿ ನಿಧಾನ ದಾಟಿತು,
ಐವತ್ತೆಂಟು ಡಬ್ಬಿ, ಎಣಿಸಿದೆ.
ಗೇಟು ತೆರೆದಾಗ ಆಟೋದವನಿಗೆ
ತಿರುಗಿಸಪ್ಪಾ ಅಂದೆ.
ಜಗಳ ಯಾಕೆ ಅಂದರೆ ನಗಬೇಡಿ:
ಈ ಕಾಲುಮಷೀನು ಯಾರಿಗೆ ಅಂತ.
ಗೆದ್ದವಳು ನಾನು. ಇದೋ, ತುಳಿಯುತ್ತಿದ್ದೇನೆ.

ಅವ್ವ ಹೇಳುತ್ತಿದ್ದಳು, ಕತ್ತರಿ ಇಡುವ ಮುಂಚೆ:
"ಒಳಗೆ ಒಂದೂವರೆ ಇಂಚು ಬಿಟ್ಟಿರು,
ಮೈ ಇವತ್ತಿದ್ದಂಗೆ ನಾಳೆ ಇರಂಗಿಲ್ಲ."
ಊರಿಗೆಲ್ಲ ಬಿಟ್ಟೆ.
ವಿಶಾಲಾಕ್ಷಿ ಟೀಚರ ರವಿಕೆ ಮೂರು ಸಲ ಬಿಚ್ಚಿದರೂ
ಇನ್ನೂ ಅರ್ಧ ಬೆರಳು ಒಳಗಿದೆ.
ನನ್ನ ವರ್ಷಗಳನ್ನು ಮಾತ್ರ
ಗೆರೆಯ ಮೇಲೇ ಕತ್ತರಿಸಿದೆ, ಒಂದು ಎಳೆ ಉಳಿಸದೆ.
ಮೊದಲ ಸಲ ಕೈ ಎತ್ತಿದಾಗಲೇ ಕಂಕುಳಲ್ಲಿ ಪರ್ ಅಂದವು.

ಅದಕ್ಕೇ ಈ ಸಲ:
ಬಟ್ಟೆ ಎರಡು ದಿನ ತಡ ಅಂತ ಮೊದಲೇ ಹೇಳುವುದು.
ಕೆರೆ ಭಾನುವಾರ. ದೋಸೆಯೂ ಭಾನುವಾರವೇ.
ಟೀ ಬಗ್ಗೆ ಏನೂ ಬರೆಯುವುದಿಲ್ಲ.
"ನಂದೂ ಒಂದು ಹಾಕ್ರಿ," ಅಂದಳು ಶಬೀನಾ,
"ಮದುವೆ ಬ್ಲೌಸು ಕಟಿಂಗ್ ಕಲಿಯೋದು."
ಸಣ್ಣದು ಹೇಳೇ ಅಂದೆ.
ಸ್ವಲ್ಪ ಹೊತ್ತು ದಾರ ಕಚ್ಚಿಕೊಂಡು ಕೂತಳು.
"ಹಂಗಾರೆ ಲಂಗ."
ಬರೆದೆ: ಶಬೀನಾ, ಲಂಗದ ಕಟಿಂಗ್.

ಆಮೇಲೆ ಪುಸ್ತಕ ತಿರುಗಿಸಿ ಮುಂದಿನಿಂದ ಹುಡುಕಿದೆ.
ನೀಲಾ ಇದ್ದಾಳೆ, ಅವ್ವನ ಅಕ್ಷರದಲ್ಲಿ,
ಎದೆ ಮೂವತ್ತೆರಡು, ತೋಳು ಹತ್ತು,
ಪಕ್ಕದಲ್ಲಿ "ಕೊರಳು ಸಣ್ಣ ಇಡು, ನಾಚುತ್ತಾಳೆ."
ಮದುವೆಗೆ ಮುಂಚಿನ ಮೈ ಅದು.
ಈಗ ಎಷ್ಟೋ ನನಗೆ ಗೊತ್ತಿಲ್ಲ.

"ಮಾತಾಡುವುದು" ಅನ್ನುವುದನ್ನು ಹೊಡೆದುಹಾಕಿದೆ,
ದೊಡ್ಡ ಪನ್ನದ ಬಟ್ಟೆ ಅದು, ನನ್ನ ಮೇಜು ಸಾಲದು.
ಅದರ ಮೇಲೆ, ಸಣ್ಣಗೆ:
ತೋಳಿನ ಅಳತೆ ಎಷ್ಟೀಗ, ಅಂತ ಕೇಳುವುದು.
ಯಾವಾಗ ಅಂತ ಬರೆಯಲಿಲ್ಲ.
ಅಷ್ಟು ಬಟ್ಟೆ ಒಳಗಿರಲಿ.

ಕರೆಂಟು ಬಂತು. ಓಣಿ ಗುರ್ ಅಂದಿತು.
ಯಾರದೋ ಮಾಳಿಗೆಯಲ್ಲಿ ಹುಡುಗರು ಕೇಕಿಗೆ ಕಿರುಚುತ್ತಿದ್ದಾರೆ,
ಹನ್ನೆರಡಕ್ಕೆ ಇನ್ನೂ ಹೊತ್ತಿದೆ.
ಮೋಟಾರಿನ ಕಡೆ ಏಳಲಿಲ್ಲ, ಇಲ್ಲೇ ತುಳಿದೆ,
ಟೀಚರ ರವಿಕೆ
ನಿನ್ನೆಯೇ ಕೊಡಬೇಕಿತ್ತು.