ಹದಿನೈದು ದಿನ ಬಂದ್

ರಟ್ಟಿನ ಮೇಲೆ ಮೋಘೆ ಕಾಕಾ ತಾವೇ ಬರೆದರು:
ಮೇ ಎರಡರಿಂದ ಹದಿನಾರು, ಕಾರ್ಖಾನೆ ಬಂದ್.
ಪುಣೆಯ ಬಿಸಿಲಿಗೆ ಸಾಗವಾನಿ ಸೆಟೆದುಕೊಳ್ಳುತ್ತದೆ,
ಅಂಟು ಕುಂಚದಲ್ಲೇ ಒಣಗುತ್ತದೆ,
ಸ್ವರ ಕೂಡಿಸುವ ಇಲಾಹಿಭಾಯಿಗೆ
ಫ್ಯಾನಿನ ಸದ್ದಿನಲ್ಲಿ ಪಂಚಮ ಕೇಳಿಸುವುದಿಲ್ಲ,
ಫ್ಯಾನು ನಿಲ್ಲಿಸಿದರೆ ಇಲಾಹಿಭಾಯಿ ನಿಲ್ಲುವುದಿಲ್ಲ.

ಅವರು ಮಿರಜಿಗೆ ಹೋದರು, ಮಗಳ ಮನೆಗೆ.
ಕಾಕಾ ದಾಪೋಲಿಗೆ, ಮಾವಿನಹಣ್ಣಿಗೆ.
ಬೀಗದ ಕೈ ನನಗೆ:
"ನಿಂಬಾಬಾಯಿ, ಬೆಕ್ಕಿಗೆ ನೀರಿಡು, ಗೆದ್ದಲು ನೋಡು."

ಮೂರು ದಿನ ಮಲಗಿದೆ.
ನಾಲ್ಕನೆಯ ದಿನ ಬೆರಳು ಎದ್ದವು.
ಹಾರ್ಮೋನಿಯಂ ಪೆಟ್ಟಿಗೆಗೆ ಹನ್ನೊಂದು ವರ್ಷ
ತಿದಿ ಮಡಿಸಿದ ಬೆರಳು
(ಕಾಕಾ ಭಾತಾ ಅನ್ನುತ್ತಾರೆ, ನನಗೆ ತಿದಿಯೇ).
ರಟ್ಟು, ಬಟ್ಟೆ, ತೊಗಲು, ಮತ್ತೆ ರಟ್ಟು.
ಈಗ ಕಿರಾಣಿ ಚೀಟಿ ಸಿಕ್ಕರೆ ಮಡಿಕೆ,
ಬಸ್ಸಿನ ಟಿಕೆಟು ಸಿಕ್ಕರೆ ಮಡಿಕೆ.
ಮಗ ಹೇಳಿದ: ಅವ್ವಾ, ಕರೆಂಟ್ ಬಿಲ್ಲನ್ನೂ ಬಿಡಲಿಲ್ಲ ನೀನು.

ಒಂಬತ್ತನೆಯ ದಿನ ಮಧ್ಯಾಹ್ನ
ಬೆಕ್ಕಿನ ನೆವ ಮಾಡಿ ಹೋದೆ.
ಓಣಿಯಲ್ಲಿ ಇಸ್ತ್ರಿಯವ ಒಬ್ಬನೇ, ಮೇಜಿನ ಕೆಳಗೆ ನಿದ್ದೆ.
ಶಟರು ಅರ್ಧ ಎತ್ತಿ ಬಗ್ಗಿ ಒಳಗಾದೆ.
ಮರದ ಹೊಟ್ಟು ಬಿಟ್ಟಲ್ಲಿ ಬಿಟ್ಟಂತೆ,
ಅದರ ಮೇಲೆ ಬೆಕ್ಕಿನ ಹೆಜ್ಜೆ.

ಮೂಲೆಯಲ್ಲಿ ಪಾಲಿಶ್ ಒಂದೇ ಉಳಿದ ಪೆಟ್ಟಿಗೆ.
ಈ ಸೆಕೆಗೆ ಮುಚ್ಚಿಟ್ಟರೆ ಮಡಿಕೆಗೆ ಮಡಿಕೆ ಅಂಟುತ್ತದೆ,
ಅಷ್ಟಕ್ಕೇ ಕೊಂಡಿ ತೆಗೆದೆ, ಅಷ್ಟಕ್ಕೇ ಎಳೆದೆ.
ಎಷ್ಟೋ ಪೆಟ್ಟಿಗೆಗೆ ಉಸಿರು ಅಂಟಿಸಿ ಕಳಿಸಿದ್ದೇನೆ,
ಒಂದನ್ನೂ ಬಾರಿಸಿದವಳಲ್ಲ.
ಕೆಲಸದ ದಿನ ಯಾರಿಗೆ ಪುರುಸೊತ್ತು,
ಮೇಲಾಗಿ ಇಲಾಹಿಭಾಯಿ ನೋಡುತ್ತಾರೆ.

ಕರಿ ಪಟ್ಟಿ ಒಂದನ್ನು ಒತ್ತಿದೆ.
ಅದರ ಹೆಸರು ಗೊತ್ತಿಲ್ಲ.
ಬಿಡಲಿಲ್ಲ, ಗಾಳಿ ಇರುವತನಕ.
ತಗಡಿನ ಮಾಡು, ಮೊಳೆಗೆ ತೂಗುಹಾಕಿದ ಗರಗಸ,
ನನ್ನ ಹಲ್ಲು, ಎಲ್ಲಾ ಸಣ್ಣಗೆ ನಡುಗಿದವು.

ಹೊರಗಿನಿಂದ ಇಸ್ತ್ರಿಯವ: "ಕೋಣ?"
ಮೊದಲ ವರ್ಷ ಈ ಮಾತಿಗೆ
ಸೆರಗು ಬಾಯಿಗಿಟ್ಟು ನಗುತ್ತಿದ್ದೆ,
ಕದ ಬಡಿದವರೆಲ್ಲಾ ಇವರಿಗೆ ಕೋಣವೇ ಎಂದು.
ಆಮೇಲೆ ಮರಾಠಿ ನಾಲಗೆಗೆ ಹತ್ತಿತು, ನಗು ಹೋಯಿತು.
ಇವತ್ತು ಯಾಕೋ ಬಂತು.

"ಯಾರೂ ಇಲ್ಲರೀ" ಅಂದೆ, ಕನ್ನಡದಲ್ಲೇ,
ಮತ್ತೆ ತಿದಿ ಎಳೆದೆ.