ಹದಿನೇಳನೆಯ ಮೊಲ

ಒಳಗೆ ಬರುವ ಮುನ್ನ ಎಲ್ಲ ಬಿಚ್ಚಿಡಬೇಕು:
ಉಂಗುರ, ಗಡಿಯಾರ, ಕೂದಲ ಪಿನ್ನು.
ಮೊದಲ ವಾರ ಮರೆತ ಪಿನ್ನೊಂದು
ತಾನಾಗಿ ಕಳಚಿ, ಹಾರಿ, ಟಕ್ಕನೆ
ಸೂಜಿಗಲ್ಲಿನ ಮೂತಿಗೆ ಹೋಗಿ ಕೂತಿತ್ತು.
ಡಾಕ್ಟರ್ ಇಲ್ಗ್‌ವಾರ್ಸ್ ನಕ್ಕರು:
"ನೋಡು ವೆಲ್ಗಾ, ನಮ್ಮ ಕೆಲಸ ಇಷ್ಟೇ."

ಸಿರಿಂಜಿನಲ್ಲಿ ಕಾಡಿಗೆಗಿಂತ ಕಪ್ಪು ದ್ರವ.
ಕಬ್ಬಿಣದ ಹುಡಿ. ಒಂದು ಕೂದಲಿನ ದಪ್ಪದೊಳಗೆ
ಸಾವಿರ ಕಣ ಸಾಲಾಗಿ ನಿಲ್ಲಬಲ್ಲವಂತೆ,
ಒಂದೊಂದರ ಮೈಗೂ ಮದ್ದು ಮೆತ್ತಿದೆ.
ಮದ್ದು, ಎಂದರೆ ವಿಷ.

ಮೊಲ ನನ್ನ ಮಡಿಲಲ್ಲಿ.
ಹಿಂಗಾಲ ತೊಡೆಯಲ್ಲಿ ಗಂಟು.
ನಾವೇ ನೆಟ್ಟದ್ದು; ಇದನ್ನೂ ಹೇಳಿಬಿಡಬೇಕು.
ಹೆಸರಿಡುವಂತಿಲ್ಲ, ನಂಬರು ಮಾತ್ರ.
ಕಂದು ಬಣ್ಣಕ್ಕೆ ನಾನು ಗುಟ್ಟಾಗಿ
ಮೈಜೆ ಎಂದೆ. ನಮ್ಮಲ್ಲಿ ಹಾಗೆಂದರೆ ಬ್ರೆಡ್ಡು.

ಅಮ್ಮನಿಗೂ ಇದೇ ಮದ್ದು, ರೀಗಾದ ಆಸ್ಪತ್ರೆಯಲ್ಲಿ,
ಸೂಜಿಗಲ್ಲಿಲ್ಲದೆ.
ಇಲಿಯ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿ ಇಟ್ಟ ಹಾಗೆ
ಎದೆಯ ಗಂಟಿಗೆಂದು ಹೊರಟದ್ದು
ಹುಬ್ಬು ತಿಂದಿತು, ಉಗುರು ತಿಂದಿತು,
ಕೊನೆಗೆ ನಾಲಿಗೆ.
ನಾನು ಸುಟ್ಟ ರೈ ಬ್ರೆಡ್ಡು ಕಚ್ಚಿ, ಉಗಿದು, ಕೇಳಿದ್ದಳು:
"ಹಿಟ್ಟಿಗೆ ಮೊಳೆ ಹಾಕಿದೆಯೇನೇ?"

ಒಂದು ಗಂಟೆ ಕಾಲು ಅಲುಗದಂತೆ ಹಿಡಿದೆ.
ಬೆರಳ ಕೆಳಗೆ ಓಡುವ ರಕ್ತ. ಅದರೊಳಗಿಂದ
ಕಪ್ಪು ಮಾತ್ರ ಇಲ್ಲಿ ಇಳಿಯಬೇಕು,
ರಾತ್ರಿಯ ಕೊನೆಯ ರೈಲಿನಿಂದ ಸಲಾಸ್ಪಿಲ್ಸ್‌ನಲ್ಲಿ
ನಾನೊಬ್ಬಳೇ ಇಳಿಯುವ ಹಾಗೆ.
ಎಲ್ಲವೂ ಇಳಿಯುವುದಿಲ್ಲ, ಎಂದರು ಡಾಕ್ಟರ್,
ನಿದ್ದೆ ಹೋದವು ಯಕೃತ್ತಿನವರೆಗೂ ಹೋಗುತ್ತವೆ.

ಐದನೆಯ ವಾರ ಗಂಟು ಕೈಗೆ ಸಿಗಲಿಲ್ಲ.
ಹುಡುಕಿದೆ. ಮತ್ತೆ ಹುಡುಕಿದೆ.
ಬೋಳಿಸಿದ ಜಾಗದಲ್ಲಿ ಹೊಸ ತುಪ್ಪಳ ಚುಚ್ಚುತ್ತಿತ್ತು.
ಯಾರೋ ಕೇಕು ತಂದರು.
ಮೈಜೆ ಕ್ಯಾರೆಟ್ಟು ತಿಂದಿತು, ಇಡೀ ಒಂದು.

ಇಲ್ಲವಾದದ್ದು ಇಲ್ಲವೆಂದು ತೋರಿಸಬೇಕಲ್ಲ;
ಅದಕ್ಕೇ ಶುಕ್ರವಾರ.
ನಾನೇ ಎತ್ತಿಕೊಂಡು ಹೋದೆ. ಅದು ನನ್ನ ಕೆಲಸ.

ಗಾಜಿನ ಚೂರಿಗೆ ಬಣ್ಣ ಹಾಕಿದರೆ
ಕಬ್ಬಿಣ ಇದ್ದಲ್ಲೆಲ್ಲ ನೀಲಿ.
ತೊಡೆಯಲ್ಲಿ ದಟ್ಟ ನೀಲಿ, ಯಕೃತ್ತಿನಲ್ಲಿ ಚದುರಿದ ನೀಲಿ,
ಗುಲ್ಮದಲ್ಲಿ ಒಂದಿಷ್ಟು.
"ನಾಲಿಗೆ?" ಎಂದೆ.
"ಪಟ್ಟಿಯಲ್ಲಿಲ್ಲ," ಎಂದರು.

ಸೋಮವಾರ ನನ್ನ ಮೇಜಿನ ಮೇಲೆ,
ಉಂಗುರ ಬಿಚ್ಚಿಡುವ ತಟ್ಟೆಯಲ್ಲಿ
ಒಂದು ಗಾಜು, ಪೆನ್ಸಿಲಿನಲ್ಲಿ ಹದಿನೇಳು.
ಕಿಟಕಿಯ ಬೆಳಕಿಗೆ ಹಿಡಿದೆ, ಆಮೇಲೆ
ಸೂಕ್ಷ್ಮದರ್ಶಕದ ಕೆಳಗೆ, ಮೂಲೆಯಿಂದ ಮೂಲೆಗೆ.
ಎಲ್ಲೂ ನೀಲಿಯಿಲ್ಲ.